ಕಾವಿಯ ತುಂಡು

ಹೊಳೆಯ ದಡದ ಮಠಕ್ಕೆ ಸೇರಿದ ಒಂದು ಸಣ್ಣ ಆಸ್ಪತ್ರೆ ಇತ್ತು. ಅದರ ಶೌಚಾಲಯ ತೊಳೆಯುವ ಸೇವೆಯನ್ನು ಮಠದ ಗುರುಗಳು ಕಿರಿಯ ಶಿಷ್ಯ ಮರುಳಯ್ಯನಿಗೆ ವಹಿಸಿದ್ದರು. ಒರೆಸಲೆಂದು ತಮ್ಮ ಹಳೆಯ ಕಾವಿ ಶಲ್ಯವನ್ನೇ ಹರಿದು ಕೊಟ್ಟಿದ್ದರು.

“ಮೊದಲು ರೋಗಿಗಳು ಹಿಡಿದುಕೊಳ್ಳುವ ಗೋಡೆಯ ಕಂಬಿ, ಕೊನೆಗೆ ಕಮೋಡು. ಆಮೇಲೆ ಬಟ್ಟೆಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕು.”

ಮರುಳಯ್ಯ ಹೇಳಿದಂತೆಯೇ ಮಾಡಿದ, ಕೊನೆಯದೊಂದನ್ನು ಬಿಟ್ಟು. ಆ ನೀರು ಕಾವಿಯನ್ನು ತಿಂದುಹಾಕುತ್ತದೆ. ಗುರುಗಳ ಮೈಮೇಲಿದ್ದ ಬಣ್ಣ ಅದು. ಬಟ್ಟೆಯನ್ನು ಹೊಳೆಯಲ್ಲಿ ಜಾಲಿಸಿ, ಕಣ್ಣಿಗೊತ್ತಿಕೊಂಡು, ನೆರಳಿನಲ್ಲಿ ಒಣಹಾಕುತ್ತಿದ್ದ. ಮರುದಿನ ಅದೇ ಬಟ್ಟೆ ಮೊದಲು ಕಂಬಿಗೆ ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಮಲಗಿದ್ದ ಪುಟ್ಟನಂಜಮ್ಮನವರಿಗೆ ಜ್ವರ ಬಿಟ್ಟಿತ್ತು. ನಾಳೆ ಮನೆಗೆ ಹೊರಡುವವರು. ಶೌಚಾಲಯದ ಕಂಬಿ ಹಿಡಿದು ಒಳಗೆ ಹೆಜ್ಜೆ ಇಡುತ್ತ ನಕ್ಕರು.

“ಏನ್ ಮರಿದೇವರೇ, ಕಕ್ಕಸನ್ನೇ ಗರ್ಭಗುಡಿ ಮಾಡ್ಬುಟ್ಟಿದ್ದೀರಲ್ಲ! ಕಾಲಿಡೋಕೇ ಭಯ ಆಯ್ತದೆ.”

“ಇಡಿ ಅಮ್ಮಾ. ತೊಳೆಯೋಕೆ ನಾನಿದ್ದೀನಲ್ಲ.”

ಮರುದಿನ ಅವರು ಹೊರಡಲಿಲ್ಲ. ಪಕ್ಕದ ಹಾಸಿಗೆಯವನ ವಾಂತಿಭೇದಿ ಅವರಿಗೂ ಹತ್ತಿತ್ತು. ವಾರ ತುಂಬುವ ಮುನ್ನ ಅವರನ್ನು ಹೊಳೆಯಾಚೆ ಮಣ್ಣು ಮಾಡಿದರು.

ಮರುಳಯ್ಯ ದಡದಲ್ಲಿ ಕುಳಿತು ಮರಳಿನಿಂದ ಕೈ ಉಜ್ಜುತ್ತಿದ್ದ. ಅಂಗೈ ಸುಲಿದಿತ್ತು. ಗುರುಗಳು ಬಂದು ನಿಂತರು.

“ಬುದ್ಧೀ, ನಾನು ಒರೆಸಿದ ಬಟ್ಟೆಯೇ ಅವರನ್ನು ಕೊಂದಿತೇ?”

“ನೆನೆಹಾಕಿದ್ದೆಯಾ?”

“ಇಲ್ಲ. ಬಣ್ಣ ಹೋಗುತ್ತಿತ್ತು.”

“ಯಾರ ಬಣ್ಣ?”

“ತಮ್ಮದು.”

ಗುರುಗಳು ತಮ್ಮ ಹೆಗಲ ಶಲ್ಯವನ್ನು ಮುಟ್ಟಿ ನೋಡಿಕೊಂಡರು.

“ಹಾಗಾದರೆ ಕೈ ತೊಳೆಯಬೇಕಾದವನು ನೀನೊಬ್ಬನೇ ಅಲ್ಲ.”

“ಪ್ರಾಯಶ್ಚಿತ್ತಕ್ಕೆ ಅಪ್ಪಣೆ ಕೊಡಿ, ಬುದ್ಧೀ. ಉಪವಾಸವಾದರೂ ಸರಿ.”

“ಉಪವಾಸ ಮಾಡಿದರೆ ಯಾರ ಹೊಟ್ಟೆ ಹಸಿಯುತ್ತದೆ?”

“ನನ್ನದು.”

“ಮತ್ತೆ ನಿನ್ನದೇ. ರೋಗಿಗೆ ಅದರಿಂದೇನು?”

ಗುರುಗಳು ಆಸ್ಪತ್ರೆಯತ್ತ ನಡೆದರು. ಮರುಳಯ್ಯ ಹಿಂಬಾಲಿಸಿದ.

ಶೌಚಾಲಯದ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ ಇತ್ತು. ಗುರುಗಳು ಒಣಹಾಕಿದ್ದ ಕಾವಿಯ ತುಂಡನ್ನು ತಂದು ಅದರಲ್ಲಿ ಮುಳುಗಿಸಿದರು. ಬಳಿಕ ತಮ್ಮ ಹೆಗಲ ಮೇಲಿದ್ದ ಶಲ್ಯವನ್ನೂ ತೆಗೆದು ಮುಳುಗಿಸಿದರು.

“ಬುದ್ಧೀ, ಅದು ಬೇಡ…”

ಗುರುಗಳು ಎರಡನ್ನೂ ನೀರಿನೊಳಕ್ಕೆ ಅದುಮಿದರು. ಬಣ್ಣ ನಿಧಾನವಾಗಿ ಬಿಟ್ಟಿತು. ಬಟ್ಟೆ ಬಿಳಿಚಿಕೊಳ್ಳುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದರು.

ಗುರುಗಳು ತುಂಡನ್ನು ಹಿಂಡಿ ಅವನ ಕೈಗಿತ್ತರು.

“ಆ ತಾಯಿಯ ಹಾಸಿಗೆಗೆ ಬೆಳಿಗ್ಗೆ ಇನ್ನೊಬ್ಬರು ಬಂದಿದ್ದಾರೆ. ಹಿಡಿದುಕೊಳ್ಳದೆ ನಿಲ್ಲಲಾರರು. ಕಂಬಿ ಒರೆಸು.”