ಸಣ್ಣ ಕುತ್ತಿಗೆಯ ಹಲ್ಲು

ಗದ್ದಲ ಸಾಕು, ಹತ್ತಿರ ಬಂದು ಕೂತ್ಕೊಳ್ಳಿ. ಕತೆ ಉದ್ದವಿಲ್ಲ, ಆದರೆ ನಡುವೆ ಏಳಬಾರದು.

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ನನಗೆ ಯಾರ ಮೇಲೂ ನಂಬಿಕೆ ನಿಲ್ಲುವುದಿಲ್ಲ. ನಿಮ್ಮ ಮೇಲೂ. ಮಠ ಬಿಟ್ಟು ಹೋಗಲು ಗಂಟು ಕಟ್ಟಿದ್ದೇನೆ. ಅನುಮಾನ ಪಡುವುದು ತಪ್ಪೇ?"

ಗುರು ಗಂಟನ್ನೊಮ್ಮೆ ನೋಡಿ ಹೇಳತೊಡಗಿದರು.

ಒಬ್ಬ ಬಡಗಿ ಇದ್ದ. ಅವನ ದವಡೆಹಲ್ಲು ಬಿದ್ದುಹೋಗಿತ್ತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದ. ದಂತವೈದ್ಯ ಅವನ ದವಡೆಯ ಎಲುಬಿನಲ್ಲಿ ಲೋಹದ ಬೇರು ನೆಟ್ಟ. ಎಲುಬು ಅದನ್ನು ಹಿಡಿಯಲೆಂದು ನಾಲ್ಕು ತಿಂಗಳು ಕಾಯಿಸಿದ. ಇನ್ನು ಬೇರಿನ ಮೇಲೆ ಕುತ್ತಿಗೆ, ಅಂದರೆ ಹಲ್ಲನ್ನು ಹೊರುವ ಲೋಹದ ತುಂಡು, ಕೂರಿಸಿ ಅದರ ಮೇಲೆ ಹಲ್ಲು ಹಾಕಬೇಕು. ಬಡಗಿ ಆ ಕುತ್ತಿಗೆಯನ್ನು ವೈದ್ಯನ ಮೇಜಿನ ಮೇಲಿದ್ದ ಮಾದರಿ ಬೇರಿನ ಮೇಲಿಟ್ಟು, ಎರಡೂ ಸೇರುವಲ್ಲಿ ಉಗುರು ಆಡಿಸಿದ. ಉಗುರು ತಡೆಯಿತು. ಬೇರು ಅಗಲ, ಕುತ್ತಿಗೆ ಸಣ್ಣದು.

"ಯಾರ ಬಾಯಿಗೋ ತರಿಸಿದ್ದನ್ನ ನನಗೆ ಹಾಕ್ತಿದ್ದೀರಾ, ಡಾಕ್ಟ್ರೇ? ನನ್ನ ಹುಡುಗರು ಹೀಗೆ ಕೂಡಿಸಿದ್ರೆ ಬಿಚ್ಚಿಸ್ತೀನಿ."

"ಬೇಕಂತಲೇ ಸಣ್ಣದು ಮಾಡಿರೋದು, ಮೇಸ್ತ್ರಿ. ಎರಡು ಸೇರೋ ಸಂದಿನಲ್ಲಿ ಕ್ರಿಮಿ ಸೇರ್ಕೊಳ್ಳುತ್ವೆ. ಸಂದು ಅಂಚಿನಲ್ಲಿದ್ರೆ ಎಲುಬಿಗೆ ಹತ್ತಿರ. ಅದಕ್ಕೇ ಅಂಚು ಬಿಟ್ಟು ಬೇರಿನ ನಡುವಿನ ಕಡೆಗೆ ಸರಿಸಿದ್ದಾರೆ. ಮಳೆನೀರು ಇಳೀಬಾರದು ಅಂತ ನೀವೂ ಸಂದನ್ನ ಒಳಗೆ ಇಡಲ್ವಾ?"

"ಮಾತು ಚೆನ್ನಾಗಿ ಕಲಿತಿದ್ದೀರಿ," ಎಂದು ಬಡಗಿ ಎದ್ದುಹೋದ.

ಬೇರೊಬ್ಬ ವೈದ್ಯನ ಹತ್ತಿರ ಹೋಗಿ ಬೇರಿನಷ್ಟೇ ಅಗಲದ ಕುತ್ತಿಗೆ ಹಾಕಿಸಿಕೊಂಡ. ಕೂರಿಸುವ ಮುಂಚೆ ಅಲ್ಲೂ ಉಗುರು ಆಡಿಸಿ ನೋಡಿದ್ದ. ಎಲ್ಲೂ ತಡೆದಿರಲಿಲ್ಲ. ಆ ವಾರ ಗಟ್ಟಿ ರೊಟ್ಟಿ ತಿಂದು, ಸಿಕ್ಕವರ ಮುಂದೆಲ್ಲ ಮೊದಲಿನ ವೈದ್ಯನನ್ನು ಆಡಿಕೊಂಡ.

ಎರಡನೆಯ ವರ್ಷ ವಸಡು ಕೆಂಪಾಯಿತು. ಉಜ್ಜಿದರೆ ರಕ್ತ ಬಂತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದ. ಒಳಗೆ ಎಲುಬು, ಕಂಬದ ಬುಡದ ಮಣ್ಣಿನ ಹಾಗೆ, ಸುತ್ತಲೂ ಇಳಿಯುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಬೇರು ಅಲುಗಾಡಿತು. ಆಗಲೂ ಅವನು ಮೊದಲು ಬೈದದ್ದು ರೊಟ್ಟಿಯನ್ನು.

ಗುರು ನಿಲ್ಲಿಸಿದರು. ಶಿಷ್ಯ ಕೇಳಿದ: "ಅಂದರೆ ಅವನು ವೈದ್ಯನನ್ನು ನಂಬುವುದನ್ನು ಕಲಿಯಬೇಕಿತ್ತು, ಅಲ್ಲವೇ?"

"ವೈದ್ಯನಿಗೆ ಬಡಗಿಗಿಂತ ಹೆಚ್ಚು ಅನುಮಾನವಿತ್ತು, ತಾನೇ ಕೂಡಿಸುವ ಸಂದಿನ ಮೇಲೆ."



ಬಡಗಿ ಏನಾದ ಅಂತೀರಾ? ಆ ಬೇರು ಕೀಳಿಸಿ, ಮೊದಲಿನ ವೈದ್ಯನ ಹತ್ತಿರವೇ ಬಂದ. ಎಲುಬು ತುಂಬಿಸಿಕೊಂಡು, ಹೊಸ ಬೇರು ನೆಡಿಸಿ, ಸಣ್ಣ ಕುತ್ತಿಗೆಯ ಹಲ್ಲನ್ನೇ ಹಾಕಿಸಿಕೊಂಡ. ವೈದ್ಯ ಹಳೇ ಮಾತು ಎತ್ತಲಿಲ್ಲ. ಆದರೆ ಆರು ತಿಂಗಳಿಗೊಮ್ಮೆ ಕರೆಸಿ ವಸಡು ಒತ್ತಿ ನೋಡುವುದನ್ನೂ ಬಿಡಲಿಲ್ಲ. ಗುರು ಎಲ್ಲಿದ್ದರೋ ಅಲ್ಲೇ ಇದ್ದರು. ಶಿಷ್ಯ ಗಂಟು ಬಿಚ್ಚಿದ. ಗಂಟು ಕಟ್ಟಿದ್ದ ಬಟ್ಟೆಯನ್ನು ಮಾತ್ರ ಮಡಚಿ, ಮುಂದೆ ಬೇಕಾದೀತು ಅಂತ ಇಟ್ಟುಕೊಂಡ.