ಕೋಗಿಲೆ ಏರಿಸಿದ ಪಣ

ಪೊರಕೆಕಡ್ಡಿ, ತಂತಿಯ ಚೂರುಗಳನ್ನು ಹೆಣೆದು ಕಾಗಮ್ಮ ಗೂಡು ಮುಗಿಸಿದ ದಿನವೇ ಕೋಗಿಲೆ ಅಲ್ಲಿಗೆ ಇಸ್ಪೀಟು ಆಡಲು ಬಂದಳು. ಗೊರವಂಕ ಇಬ್ಬರಿಗೂ ಮೂರು ಮೂರು ಎಲೆ ಹಂಚಿದ. ಆಲದ ಹಣ್ಣುಗಳೇ ಪಣ.

ಕಾಗಮ್ಮನಿಗೆ ಬಂದದ್ದು ಒಂಬತ್ತರ ಜೋಡಿ. ಹಣ್ಣು ಪಣ ಕಟ್ಟಲು ಅದು ಸಾಕಿತ್ತು. ಮನೆ ಕಟ್ಟಲು ಸಾಲದು.

"ಪಣ ಏರಿಸುತ್ತೇನೆ, ಅಕ್ಕ," ಎಂದಳು ಕೋಗಿಲೆ. "ನಾನು ನನ್ನ ಕಂಠ ಇಡುತ್ತೇನೆ, ನೀನು ಗೂಡು ಇಡು. ಧೈರ್ಯವಿಲ್ಲದಿದ್ದರೆ ಎಲೆ ಕೆಳಗಿಟ್ಟು, ಹಣ್ಣು ಬಿಟ್ಟು ಏಳು."

"ನಿಮ್ಮ ಎಲೆಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ, ಕಾಗಮ್ಮ," ಎಂದ ಗೊರವಂಕ.

"ಎಲೆ ಯಾಕೆ, ಇವಳ ಮುಖ ನೋಡಿದರೆ ಸಾಲದೇ? ವರ್ಷಾವರ್ಷ ತನ್ನ ಮೊಟ್ಟೆಯನ್ನು ನನ್ನದೆಂದು ನಂಬಿಸಿ ನನ್ನಿಂದ ಕಾವು ಕೊಡಿಸಿದ ಸುಳ್ಳಿ ಇವಳು! ಈ ಸಲ ನಾನು ಮೋಸಹೋಗುವವಳಲ್ಲ. ಇಗೋ, ಗೂಡು ಇಟ್ಟೆ. ತೋರಿಸೇ!"

ಕೋಗಿಲೆ ತೋರಿಸಿದಳು. ಮೂರೂ ಎಕ್ಕಗಳೇ.

"ಈ ಸಲ ನಾನು ಸುಳ್ಳು ಹೇಳಿರಲಿಲ್ಲ, ಅಕ್ಕ."

ಕಾಗಮ್ಮ ಗೂಡು ಬಿಟ್ಟು ಹೊರಡಲು ರೆಕ್ಕೆ ಬಿಚ್ಚಿದಳು.

"ಅಯ್ಯೋ, ನೀನೇಕೆ ಏಳುತ್ತೀ?" ಎಂದು ಕೋಗಿಲೆ ತಡೆದಳು. "ಗೂಡಿನಲ್ಲಿ ಕೂತು ನನಗೆ ಅಭ್ಯಾಸವೇ ಇಲ್ಲ. ನೀನೇ ಇರು. ಇಷ್ಟು ದಿನ ನಿನ್ನ ಕಣ್ಣು ತಪ್ಪಿಸಿ ಬರಬೇಕಿತ್ತು. ಇನ್ನು ಆ ಕಷ್ಟ ತಪ್ಪಿತು."

ಹೀಗೆಂದು, ಕಾಗಮ್ಮನನ್ನು ಕೊಂಚ ಸರಿದು ಕೂರಲು ಹೇಳಿ, ಹಾಡಹಗಲೇ ನಿಧಾನವಾಗಿ ಮೊಟ್ಟೆಯಿಟ್ಟಳು.