ನೀಲವ್ವನ ಹಲಗೆಯ ಮೇಲಿನ ಬೆಳಕು

ಹೊಳೆದಂಡೆಯ ಆ ಆಶ್ರಮದಲ್ಲಿ ಹಳೆಯ ತಾಳೆಗರಿಗಳನ್ನು ಕಾಗದಕ್ಕೆ ಪ್ರತಿ ಮಾಡುತ್ತಿದ್ದರು. ಬರಹದ ಕೋಣೆಯ ಉಸ್ತುವಾರಿ ಶಿಷ್ಯ ಶರಭಯ್ಯನದು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ವೈರಾಗ್ಯಕ್ಕೆ ಬಂದವನು. ಮನೆ ಬಿಟ್ಟ, ನೌಕರಿ ಬಿಟ್ಟ. ಬೆಳಕು ಅಳೆಯುವ ಮೀಟರನ್ನು ಮಾತ್ರ ಚೀಲದಲ್ಲಿ ತಂದಿದ್ದ.

ಆ ಬೆಳಿಗ್ಗೆ ಅವನು ಗುರುಗಳ ಮುಂದೆ ಕಾಗದದ ಕಟ್ಟು ಕುಕ್ಕಿದ. ಗ್ರಂಥಕ್ಕೆ ಅಪಚಾರವಾದಾಗಲೂ ಸಿಟ್ಟು ಬಾರದಿದ್ದರೆ ತಾನೆಂಥ ಶಿಷ್ಯ?

“ನೋಡಿ ಗುರುಗಳೆ, ಪುಟಕ್ಕೆ ಹತ್ತು ತಪ್ಪು. ದೀರ್ಘ ಹಾರಿಸುತ್ತಾಳೆ, ಸಾಲಿಗೆ ಸಾಲೇ ನುಂಗುತ್ತಾಳೆ. ನೀಲವ್ವನಿಗೆ ಇವತ್ತೇ ಹೊರಡು ಅಂದಿದ್ದೇನೆ.”

ನೀಲವ್ವ ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಇಪ್ಪತ್ತೆರಡು ವರ್ಷ ಅಲ್ಲಿ ಬರೆದವಳು. ಹೋಗಲು ಬೇರೆ ಮನೆ ಇರಲಿಲ್ಲ.

“ಕಾಣೋದಿಲ್ಲ ಅಂತ ಬಡಕೊಂಡೆ,” ಎಂದಳು. “ಬರೆಯೋ ಹಲಗೆ ಕಿಟಕಿ ಕಡೆ ತಿರುಗಿಸಪ್ಪ ಅಂದೆ. ಎದುರಿಗಿರೋ ಹಿರಿಯ ಗುರುಗಳ ಗದ್ದುಗೆಗೆ ಬೆನ್ನು ಹಾಕಬಾರದಂತೆ.”

“ಬೆಳಕಿಗೇನು ಬರ ಅಲ್ಲಿ?” ಶರಭಯ್ಯ ಸಿಡಿದ. “ಆರು ದಿನ ಅಳೆದಿದ್ದೇನೆ. ಬೆಳಕು ಮುನ್ನೂರು ಲಕ್ಸ್ ಇದ್ದರೆ ಬರೆಯಲು ಸಾಕು. ಈಯಮ್ಮನ ಹಲಗೆ ಮೇಲೆ ನಾನೂರು ಬೀಳುತ್ತೆ. ತೊಂದರೆ ಕಣ್ಣಿನದಲ್ಲ, ಮೈಗಳ್ಳತನದ್ದು.”

ಗುರುಗಳು ಎದ್ದು ಇಬ್ಬರನ್ನೂ ಕರೆದುಕೊಂಡು ಬರಹದ ಕೋಣೆಗೆ ನಡೆದರು. ಮೀಟರನ್ನು ನೀಲವ್ವನ ಹಲಗೆಯ ಮೇಲೆ ಇಡಿಸಿದರು.

ನಾನೂರ ಹನ್ನೆರಡು.

ಶರಭಯ್ಯ ಗೆದ್ದವನಂತೆ ನೋಡಿದ.

“ಕೂತು ಒಂದು ಸಾಲು ಬರಿ,” ಎಂದರು ಗುರುಗಳು.

ಕೂತ. ಗದ್ದುಗೆಗೆ ಮುಖ, ಕಿಟಕಿಗೆ ಬೆನ್ನು. ಪೆನ್ನು ಹಿಡಿದು ಬಗ್ಗಿದ. ಅಂಕಿ ಅರವತ್ತಕ್ಕೆ ಇಳಿಯಿತು.

“ಮೀಟರು ಕೆಟ್ಟಿದೆ.”

“ಎದ್ದೇಳು.”

ಎದ್ದ. ನಾನೂರ ಹನ್ನೆರಡು.

“ರಿಪೇರಿ ಆಯ್ತಲ್ಲ,” ಎಂದಳು ನೀಲವ್ವ.

ಮತ್ತೆ ಕೂತ. ಅರವತ್ತು. ಅವನ ನೆರಳು ಹಾಳೆಯನ್ನು ಪೂರ್ತಿ ಕವಿದಿತ್ತು.

“ಆರು ದಿನ ನೀನು ಅಳೆಯುವಾಗ ಇವಳು ಎಲ್ಲಿದ್ದಳು?”

“ಪಕ್ಕಕ್ಕೆ ನಿಲ್ಲಿಸಿದ್ದೆ. ಅಡ್ಡ ಬರುತ್ತಿದ್ದಳು.”

“ಕಾಣುವುದಿಲ್ಲ ಅಂದಳಲ್ಲ, ಒಂದು ಸಲವಾದರೂ ಇಲ್ಲಿ ಕೂತು ನೋಡಿದೆಯಾ?”

“ಮೀಟರು ಇತ್ತಲ್ಲ ಗುರುಗಳೆ.”

ಗುರುಗಳ ಮುಖ ಕೆಂಪಾಯಿತು. ಅವನನ್ನು ಎಬ್ಬಿಸಿ, ಹಲಗೆಯನ್ನು ತಾವೇ ದರದರನೆ ಎಳೆದು ಕಿಟಕಿಯ ಕಡೆ ತಿರುಗಿಸಿದರು. ಕೂತವರ ಬೆನ್ನು ಈಗ ನೇರ ಗದ್ದುಗೆಗೆ. ಶರಭಯ್ಯ ಬಾಯಿ ತೆರೆಯುವಷ್ಟರಲ್ಲಿ ನೀಲವ್ವನ ಗಂಟು ತೆಗೆದು ಅವನ ಕೈಗೆ ತುರುಕಿದರು. ಅವಳು ಕೂತು ಪೆನ್ನು ಎತ್ತಿಕೊಂಡಳು.

ಅವನು ಗಂಟು ಹಿಡಿದುಕೊಂಡೇ ಗೊಣಗಿದ: “ಏನೇ ಆಗಲಿ, ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ.”

“ಇರಲಿಲ್ಲಪ್ಪ,” ಎಂದರು ಗುರುಗಳು. “ಇಲ್ಲಿ ಯಾರೂ ಕೂರದಿದ್ದರೆ, ಬರೆಯೋದಕ್ಕೆ ಬೇಕಾದಷ್ಟು ಬೆಳಕಿತ್ತು.”